ಮನೆಯಲ್ಲೇ ಕಾರು ಎತ್ತಿ ಕೆಲಸ ಮಾಡೋದು: ಜಾಕ್, ಸ್ಟ್ಯಾಂಡ್ ಮತ್ತು ಪೋರ್ಟಿಕೋ ನೆಲ

ತುಮಕೂರು ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಪೆಟ್ರೋಲ್ ಸ್ವಿಫ್ಟ್. ವಾರಂಟಿ ಮುಗಿದಿದೆ. ಇನ್ನು ಮೇಲೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಮುಂದಿನ ಬ್ರೇಕ್ ಪ್ಯಾಡ್ ಇಷ್ಟನ್ನು ನಾನೇ ಬದಲಾಯಿಸಿಕೊಳ್ಳಬೇಕು ಅಂತ ಆಸೆ. ಸ್ಪ್ಯಾನರ್ ಸೆಟ್ ಇದೆ, ಕೆಲಸವೂ ಅರ್ಥವಾಗಿದೆ. ಕಾರನ್ನು ಎತ್ತುವ ವಿಷಯದಲ್ಲಿ ಮಾತ್ರ ಧೈರ್ಯ ಬರುತ್ತಿಲ್ಲ.

ಕಾರಿನ ಜೊತೆ ಬಂದ ಜಾಕ್ ಸಾಕಾ? ಪೋರ್ಟಿಕೋದಲ್ಲಿ ಪಾರ್ಕಿಂಗ್ ಟೈಲ್ಸ್ ಹಾಕಿದ್ದೇವೆ, ಗೇಟಿನ ಕಡೆಗೆ ಸ್ವಲ್ಪ ಇಳಿಜಾರಿದೆ. ಅಲ್ಲಿ ಮಾಡಬಹುದಾ? ಪಕ್ಕದ ಸೈಟಿನಲ್ಲಿ ಸಾಲಿಡ್ ಬ್ಲಾಕ್ ಬಿದ್ದಿವೆ. ಎತ್ತಿದ ಕಾರಿಗೆ ಕೆಳಗೆ ಆಸರೆ ಕೊಡುವ ಕಬ್ಬಿಣದ ಸ್ಟ್ಯಾಂಡ್ ಕೊಳ್ಳುವ ಬದಲು ಅವನ್ನೇ ಇಡಬಹುದಾ?

ಗ್ರೀಸ್ ಕೈ

ಕೇಳಿದ್ದು ಒಳ್ಳೆಯದಾಯಿತು. ಬ್ಲಾಕ್ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಜೀವ ಹೋಗುವುದು ಅಲ್ಲೇ. ಬ್ಲಾಕ್, ಇಟ್ಟಿಗೆ, ಸೈಜುಗಲ್ಲು ಯಾವುದನ್ನೂ ಕಾರಿನ ಕೆಳಗೆ ಇಡಬೇಡಿ. ಗೋಡೆಯಲ್ಲಿ ಭಾರ ಇಡೀ ಬ್ಲಾಕಿನ ಮೇಲೆ ಹರಡುತ್ತದೆ. ಕಾರಿನ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ಬ್ಲಾಕ್ ಬಗ್ಗುವುದಿಲ್ಲ, ಮುನ್ಸೂಚನೆಯೂ ಕೊಡುವುದಿಲ್ಲ, ಒಂದೇ ಸಲ ಸೀಳುತ್ತದೆ. ಮರ ಹಾಗಲ್ಲ, ಮೊದಲು ಕಿರುಗುಟ್ಟುತ್ತದೆ, ನಿಧಾನವಾಗಿ ಅದುಮಿಕೊಳ್ಳುತ್ತದೆ. ಸ್ಟ್ಯಾಂಡ್ ಇಲ್ಲದ ಕಡೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಉದ್ದುದ್ದ ಅಟ್ಟಿ ಮಾಡಿ ಕೊಡುವುದು ಇದಕ್ಕೇ. ನೀವು ಮನೆಯಲ್ಲಿದ್ದೀರಿ, ಸ್ಟ್ಯಾಂಡ್ ತಂದುಬಿಡಿ.

ಕಾರಿನ ಜೊತೆ ಬಂದ ಕತ್ತರಿ ಜಾಕ್ ರಸ್ತೆಯಲ್ಲಿ ಟೈರ್ ಬದಲಾಯಿಸುವುದಕ್ಕೆ ಕೊಟ್ಟಿದ್ದು. ಅದರ ಪಾದ ಸಣ್ಣದು. ಪಕ್ಕಕ್ಕೆ ಸ್ವಲ್ಪ ತಳ್ಳಿದರೂ ಮಗುಚುತ್ತದೆ. ಕಾರಿನ ಪುಸ್ತಕ ತೆಗೆದು ನೋಡಿ, ಈ ಜಾಕ್ ಮೇಲಿರುವಾಗ ಕೆಳಗೆ ಹೋಗಬೇಡಿ ಅಂತ ಬರೆದೇ ಇರುತ್ತಾರೆ.

ನಿಮಗೆ ಬೇಕಿರುವುದು 2 ಅಥವಾ 3 ಟನ್ನಿನ ಟ್ರಾಲಿ ಜಾಕ್ (ಸಣ್ಣ ಚಕ್ರಗಳ ಮೇಲೆ ಉರುಳುವ, ಎಣ್ಣೆಯ ಒತ್ತಡದಿಂದ ಎತ್ತುವ ಜಾಕ್), ಒಂದು ಜೊತೆ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಎರಡು ಜೊತೆ ಬೆಣೆ. ಜಾಕ್ ಎತ್ತುತ್ತದೆ, ಸ್ಟ್ಯಾಂಡ್ ಹೊರುತ್ತದೆ. ಇವೆರಡೂ ಬೇರೆ ಬೇರೆ ಕೆಲಸ. ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಬಾರದು.

ಹಾಸನ ಹೈವೇ

ಹುಡುಗನನ್ನು ಇಷ್ಟೊಂದು ಹೆದರಿಸಬೇಕಾ? ನಮ್ಮೂರಿನ ಗ್ಯಾರೇಜಿನಲ್ಲಿ ದಿನಾ ನೋಡುತ್ತೇನೆ. ಟ್ರಾಲಿ ಜಾಕ್ ಹಾಕುತ್ತಾರೆ, ಕೆಳಗೆ ನುಗ್ಗುತ್ತಾರೆ, ಕೆಲಸ ಮುಗಿಸಿ ಬರುತ್ತಾರೆ. 3 ಟನ್ ಜಾಕ್ 900 ಕೆ.ಜಿ. ಕಾರನ್ನು ಹಿಡಿಯುವುದಿಲ್ಲ ಅಂದರೆ ಹೇಗೆ?

ಗ್ರೀಸ್ ಕೈ

ಅಣ್ಣಾ, ಇಲ್ಲಿ ಟನ್ನಿನ ಲೆಕ್ಕ ನಡೆಯುವುದಿಲ್ಲ. ಟ್ರಾಲಿ ಜಾಕ್ ಒಳಗೆ ಕಾರನ್ನು ಹಿಡಿದಿರುವುದು ಎಣ್ಣೆ. ಆ ಎಣ್ಣೆಯನ್ನು ತಡೆದಿರುವುದು ಬೆರಳಗಲದ ರಬ್ಬರ್ ಸೀಲು ಮತ್ತು ಒಂದು ಸಣ್ಣ ವಾಲ್ವು. ಸೀಲು ಹಳೆಯದಾದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ವಾಲ್ವಿನಲ್ಲಿ ಒಂದು ಲೋಹದ ಚೂರು ಸಿಕ್ಕಿಕೊಂಡರೂ ಒತ್ತಡ ಸೋರುತ್ತದೆ. ಯಾರಾದರೂ ಹಿಡಿಕೆಯನ್ನು ತಿಳಿಯದೆ ತಿರುಗಿಸಿದರೂ ಸಾಕು, ಕಾರು ಇಳಿಯುತ್ತದೆ. ಜಾಕ್ ಮೇಲೆ ಬರೆದ 3 ಟನ್ ಅಂದರೆ ಅಷ್ಟು ಭಾರ ಎತ್ತಬಲ್ಲದು ಅಂತ. ಗಂಟೆಗಟ್ಟಲೆ ಹೊತ್ತು ನಿಲ್ಲುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಇನ್ನೊಂದು, ಜಾಕ್ ಗಟ್ಟಿಯಾಗೇ ಇದ್ದರೂ ಕಾರು ಅದರ ತಲೆಯ ಮೇಲಿಂದ ಜಾರಬಹುದು. ಕೆಳಗೆ ಮಲಗಿ ಬಿಗಿಯಾದ ಬೋಲ್ಟಿಗೆ ಉದ್ದ ಹಿಡಿಕೆ ಹಾಕಿ ಎಳೆದಾಗ ಆಗುವುದು ಅದೇ. ಗ್ಯಾರೇಜಿನ ಹುಡುಗರು ಹಾಗೆ ನುಗ್ಗುವುದನ್ನು ನಾನೂ ನೋಡಿದ್ದೇನೆ, ಬೈದೂ ಇದ್ದೇನೆ. ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಜಯನಗರ ಜಾಕ್

ಇಳಿಜಾರಿನ ಪ್ರಶ್ನೆಗೆ ಬರುತ್ತೇನೆ. ಪೋರ್ಟಿಕೋದಲ್ಲಿ ನೀರು ಹರಿದುಹೋಗಲಿ ಅಂತ ಎಲ್ಲರೂ ಇಳಿಜಾರು ಕೊಟ್ಟೇ ಕಟ್ಟಿಸುತ್ತಾರೆ. ನಿಂತು ನೋಡಿದರೆ ಸಮ ಅನಿಸುತ್ತದೆ. ಒಂದು ಗೋಲಿ ಇಟ್ಟು ನೋಡಿ, ಉರುಳಿದರೆ ಅಲ್ಲಿ ಎತ್ತಬೇಡಿ. ಮನೆ ಹತ್ತಿರ ಸಮತಟ್ಟಾದ ಕಾಂಕ್ರೀಟ್ ಜಾಗ ಎಲ್ಲಿದೆ ಹುಡುಕಿ.

ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ಅಪಾಯ ಇದೆ, ಹೊರದೇಶದ ವಿಡಿಯೋಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಪೋರ್ಟಿಕೋದ ಕೆಳಗೇ ನೀರಿನ ಸಂಪ್ ಇರುತ್ತದೆ. ಕಾರು ದಿನಾ ಅದರ ಮೇಲೆಯೇ ನಿಲ್ಲುತ್ತದೆ, ಏನೂ ಆಗಿಲ್ಲ, ಹಾಗಾಗಿ ಜಾಕ್ ಇಟ್ಟರೂ ಏನೂ ಆಗಲ್ಲ ಅಂದುಕೊಳ್ಳಬೇಡಿ. ನಾಲ್ಕು ಅಗಲವಾದ ಟೈರುಗಳ ಮೇಲೆ ಹರಡಿದ್ದ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಜಾಕಿನ ಸಣ್ಣ ಚಕ್ರಗಳ ಮೇಲೆ ಬರುತ್ತದೆ. ಸ್ವಿಫ್ಟಿನಂಥ ಕಾರಿನಲ್ಲಿ ಎಂಜಿನ್ ಮುಂದೆ ಇರುವುದರಿಂದ ಮುಂಭಾಗವೇ ಸುಮಾರು 550 ಕೆ.ಜಿ. ಬರುತ್ತದೆ. ಸಂಪಿನ ಮುಚ್ಚಳ, ಮ್ಯಾನ್‌ಹೋಲ್, ಗೇಟಿನ ಹೊರಗೆ ಮೋರಿ ಮೇಲೆ ಹಾಸಿದ ಚಪ್ಪಡಿ, ಇವುಗಳ ಮೇಲೆ ಜಾಕೂ ಬೇಡ, ಸ್ಟ್ಯಾಂಡೂ ಬೇಡ.

ಟೈಲ್ಸ್ ಕೆಳಗೆ ಟೊಳ್ಳಿದ್ದರೆ ಸ್ಟ್ಯಾಂಡಿನ ಕಾಲು ಒಡೆದುಕೊಂಡು ಇಳಿಯುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಸದ್ದು ಬೇರೆ ಬರುತ್ತದೆ. ಇಂಟರ್‌ಲಾಕ್ ಹಾಸು, ಮಣ್ಣು, ಡಾಂಬರಿನ ಮೇಲಾದರೆ 18 ಮಿ.ಮೀ. ಪ್ಲೈವುಡ್ ಹಲಗೆ ಹಾಕಿ. ಜಾಕಿಗೆ ಹಾಕುವ ಹಲಗೆ ಮಾತ್ರ ಉದ್ದವಾಗಿರಬೇಕು. ಟ್ರಾಲಿ ಜಾಕಿನ ತೋಳು ನೇರ ಮೇಲೆ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಏರುತ್ತದೆ. ಏರುವಾಗ ಜಾಕೇ ಸ್ವಲ್ಪ ಉರುಳಿ ಸರಿದುಕೊಳ್ಳಬೇಕು. ಚಕ್ರ ಎಲ್ಲಾದರೂ ಸಿಕ್ಕಿಕೊಂಡರೆ ಜಾಕ್ ಸರಿಯುವ ಬದಲು ಅದರ ತಲೆ ಕಾರಿನ ಕೆಳಗೆ ಸರಿಯುತ್ತದೆ. ಜಾರುವುದು ಶುರುವಾಗುವುದೇ ಹೀಗೆ.

ತುಮಕೂರು ಸ್ವಿಫ್ಟ್

ಸಂಪ್ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ನಮ್ಮದೂ ಪೋರ್ಟಿಕೋ ಕೆಳಗೇ ಇದೆ. ಹಿಂದೆ ಚಿಕ್ಕಪ್ಪನ ಮನೆಯ ಶೆಡ್ಡಿನಲ್ಲಿ ಸಮತಟ್ಟಾದ ಕಾಂಕ್ರೀಟ್ ನೆಲ ಇದೆ, ಅಲ್ಲಿ ಮಾಡುತ್ತೇನೆ.

ಚಕ್ರಕ್ಕೆ ಬೆಣೆ ನಿಜವಾಗಿಯೂ ಬೇಕಾ? ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್ ಹಾಕಿದರೆ ಸಾಕಲ್ವಾ?

ಗ್ರೀಸ್ ಕೈ

ಸಾಕಾಗುವುದಿಲ್ಲ. ಕಾರು ಎತ್ತುವ ಎಲ್ಲರೂ ಇದನ್ನು ಅರ್ಥ ಮಾಡಿಕೊಳ್ಳಬೇಕು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಗೇರ್ ಹಿಡಿಯುವುದು ಮುಂದಿನ ಎರಡು ಚಕ್ರಗಳನ್ನು, ಏಕೆಂದರೆ ಎಂಜಿನ್ ಓಡಿಸುವುದು ಅವನ್ನೇ. ಈಗ ಹಿಂಭಾಗ ಎತ್ತಿದಿರಿ ಅನ್ನಿ. ಹ್ಯಾಂಡ್ ಬ್ರೇಕ್ ಹಿಡಿದಿರುವ ಚಕ್ರಗಳು ಗಾಳಿಯಲ್ಲಿವೆ. ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ಗೇರ್ ಒಂದೇ ಹಿಡಿದಿದೆ. ಮುಂಭಾಗ ಎತ್ತಿದರೆ ಉಲ್ಟಾ, ಗೇರ್ ಲೆಕ್ಕಕ್ಕಿಲ್ಲ, ಹ್ಯಾಂಡ್ ಬ್ರೇಕ್ ಮಾತ್ರ.

ಮುಂದಿನ ಒಂದೇ ಚಕ್ರ ಎತ್ತಿದರೂ ಗೇರ್ ಕೆಲಸ ಮಾಡುವುದಿಲ್ಲ. ಇನ್ನೊಂದು ಚಕ್ರ ನೆಲದ ಮೇಲೇ ಇದೆಯಲ್ಲ ಅಂತ ಅನಿಸುತ್ತದೆ. ಆದರೆ ಮಧ್ಯದಲ್ಲಿ ಡಿಫರೆನ್ಷಿಯಲ್ ಇದೆ, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ನೆಲದ ಮೇಲಿನ ಚಕ್ರ ಉರುಳಿದರೆ ಗಾಳಿಯಲ್ಲಿರುವ ಚಕ್ರ ಅದಕ್ಕೆ ಸರಿಯಾಗಿ ಹಿಂದಕ್ಕೆ ತಿರುಗಿಬಿಡುತ್ತದೆ, ಎಂಜಿನ್ ಅಲುಗಾಡುವುದೇ ಇಲ್ಲ. ಆಟೋಮ್ಯಾಟಿಕ್ ಕಾರಿನ ಪಾರ್ಕ್ ಪೊಸಿಷನ್ನಿಗೂ ಇದೇ ಕಥೆ. ಕಾರು ಪಾರ್ಕಿನಲ್ಲಿದೆ ಅಂತ ನಂಬಿ ಎಂಜಿನ್ ಓಡಿಸುವ ಒಂದು ಚಕ್ರ ಎತ್ತಿದರೆ ಕಾರನ್ನು ಪಾರ್ಕ್ ಹಿಡಿದಿರುವುದಿಲ್ಲ.

ಆದ್ದರಿಂದ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಬೆಣೆ ಕೊಡಿ. ಲಾರಿಯವರು ಟೈರಿಗೆ ಕಲ್ಲು ಕೊಡುತ್ತಾರಲ್ಲ, ಅದೇ ಉದ್ದೇಶ. ಆದರೆ ದುಂಡು ಕಲ್ಲು ಬೇಡ. ಮರದ ತ್ರಿಕೋನ ತುಂಡು ಅಥವಾ ರಬ್ಬರ್ ಬೆಣೆ ನೆಲಕ್ಕೆ ಕಚ್ಚಿಕೊಂಡು ಕೂರುತ್ತದೆ. ಬೆಣೆ ಕೊಟ್ಟ ಮೇಲೆಯೇ ಜಾಕ್ ಮುಟ್ಟಿ.

ಬೊಲೆರೊ ಮಲೆನಾಡು

ನಮ್ಮ ಬೊಲೆರೊದಲ್ಲಿ ಎಂಜಿನ್ ಹಿಂದಿನ ಚಕ್ರ ಓಡಿಸುತ್ತದೆ. ಅಂದರೆ ಗೇರೂ ಹ್ಯಾಂಡ್ ಬ್ರೇಕೂ ಎರಡೂ ಹಿಂದಿನ ಚಕ್ರಕ್ಕೇ. ಹಿಂಭಾಗ ಪೂರ್ತಿ ಎತ್ತಿದರೆ ಹಿಡಿಯುವುದು ಏನೂ ಉಳಿಯುವುದಿಲ್ಲ, ಸರಿ ತಾನೆ?

ಗ್ರೀಸ್ ಕೈ

ನೂರಕ್ಕೆ ನೂರು ಸರಿ. ಅಂಥ ಗಾಡಿಯಲ್ಲಿ ಹಿಂದೆ ಎತ್ತುವಾಗ ಮುಂದಿನ ಚಕ್ರದ ಬೆಣೆಯೇ ಎಲ್ಲವೂ. ನಿಮ್ಮ ಕಡೆ ತೋಟದ ಅಂಗಳ ಸಮ ಇರುವುದು ಕಡಿಮೆ, ಜಾಸ್ತಿ ಎಚ್ಚರ ಬೇಕು. ಮಳೆಗಾಲದಲ್ಲಿ ಮಣ್ಣಿನ ಮೇಲೆ ಎತ್ತಲೇಬೇಡಿ. ಕಾಫಿ ಕಣ ಇದ್ದರೆ ಅದು ಒಳ್ಳೆಯ ಜಾಗ.

ಕುಂದಾಪುರ ಕಡಲು

ಜಾಕ್ ಎಲ್ಲಿ ಕೊಡಬೇಕು ಅನ್ನುವುದನ್ನು ಯಾರೂ ಇನ್ನೂ ಹೇಳಿಲ್ಲ. ಬಾಗಿಲ ಕೆಳಗಿನ ಅಂಚನ್ನು ಬಗ್ಗಿ ನೋಡಿ. ಎರಡು ತಗಡು ಸೇರಿಸಿ ಬೆಸೆದ ಏಣು ಇದೆ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಅದರಲ್ಲಿ ಎರಡೆರಡು ಕಚ್ಚು ಇರುತ್ತವೆ. ಆ ಎರಡು ಕಚ್ಚುಗಳ ನಡುವೆ ಒಳಗಿನಿಂದ ಬಲ ಕೊಟ್ಟಿರುತ್ತಾರೆ. ಅಲ್ಲಿಂದ ಆಚೆ ಈಚೆ ಕೊಟ್ಟರೆ ತಗಡು ಮಡಚುತ್ತದೆ. ಆಯಿಲ್ ಚೇಂಬರ್, ಗೇರ್ ಬಾಕ್ಸ್, ರೇಡಿಯೇಟರ್ ಕೆಳಗಿನ ಪಟ್ಟಿ, ಸೀಟಿನ ಕೆಳಗಿನ ನೆಲದ ತಗಡು, ಇವುಗಳಿಗೆ ಜಾಕ್ ಕೊಡಲೇಬಾರದು.

ಟ್ರಾಲಿ ಜಾಕಿನ ತಲೆಯ ಬಟ್ಟಲು ಲೋಹದ್ದು. ಅದು ಏಣನ್ನು ಜಜ್ಜಿ ಬಣ್ಣ ಕಿತ್ತುಹಾಕುತ್ತದೆ. ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಇಟ್ಟರೆ ಏಣು ಆ ಸೀಳಿನೊಳಗೆ ಕೂರುತ್ತದೆ, ಭಾರ ಅಕ್ಕಪಕ್ಕದ ಅಗಲ ಜಾಗಕ್ಕೆ ಹೋಗುತ್ತದೆ. ಸ್ಟ್ಯಾಂಡಿನ ಮೇಲೂ ಅಂಥದ್ದೇ ಪ್ಯಾಡ್ ಹಾಕಿ.

ನಮ್ಮ ಕರಾವಳಿಯ ಹಳೆಯ ಕಾರುಗಳಿಗೆ ಒಂದು ಮಾತು. ಉಪ್ಪು ಗಾಳಿ, ಐದಾರು ತಿಂಗಳು ತೇವ. ಬಾಗಿಲ ಕೆಳಗಿನ ಪೆಟ್ಟಿಗೆ ಒಳಗಿನಿಂದ ತುಕ್ಕು ಹಿಡಿದಿರುತ್ತದೆ, ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತದೆ. ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಮಂದ ಸದ್ದು ಬಂದರೆ, ಒತ್ತಿದಾಗ ಪುಡಿ ಉದುರಿದರೆ ಅಲ್ಲಿ ಜಾಕ್ ಒಳಗೇ ತೂರಿಕೊಳ್ಳುತ್ತದೆ. ಅಂಥ ಕಾರನ್ನು ಮನೆಯಲ್ಲಿ ಎತ್ತುವ ಮೊದಲು ವೆಲ್ಡಿಂಗ್ ಮಾಡಿಸಿ.

ತುಮಕೂರು ಸ್ವಿಫ್ಟ್

ಇಲ್ಲಿ ನನಗೆ ತಲೆ ಕೆಟ್ಟಿತು. ಜಾಕೂ ಅಲ್ಲೇ ಕೊಡಬೇಕು, ಸ್ಟ್ಯಾಂಡೂ ಅಲ್ಲೇ ಕೊಡಬೇಕು ಅಂದರೆ ಇರುವ ಜಾಗ ಒಂದೇ ಅಲ್ವಾ?

ಜಯನಗರ ಜಾಕ್

ಮನೆಯಲ್ಲಿ ಕೆಲಸ ಶುರು ಮಾಡಿದ ಎಲ್ಲರೂ ಮೊದಲು ಸಿಕ್ಕಿಕೊಳ್ಳುವುದು ಇಲ್ಲೇ. ಜಾಕನ್ನು ಮುಂಭಾಗದ ಮಧ್ಯದಿಂದ ಒಳಗೆ ತಳ್ಳಿ, ಎಂಜಿನ್ ಕೆಳಗಿನ ಅಡ್ಡ ಫ್ರೇಮಿಗೆ ಕೊಡುತ್ತೇವೆ. ಎರಡೂ ಚಕ್ರ ಒಟ್ಟಿಗೆ ಏಳುತ್ತವೆ. ಆಗ ಎರಡೂ ಬದಿಯ ಕಚ್ಚುಗಳ ಜಾಗ ಸ್ಟ್ಯಾಂಡಿಗೆ ಖಾಲಿ ಇರುತ್ತದೆ. ಆದರೆ ಆ ಫ್ರೇಮಿನ ಯಾವ ಜಾಗ ಅನ್ನುವುದು ಪ್ರತಿ ಮಾಡೆಲ್ಲಿಗೂ ಬೇರೆ. ಸರ್ವಿಸ್ ಮ್ಯಾನುಯಲ್ಲಿನಲ್ಲಿ ಚಿತ್ರ ಇರುತ್ತದೆ, ಅದನ್ನೇ ನೋಡಿ. ಊಹೆ ಮಾಡಬೇಡಿ. ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಗಟ್ಟಿ ಜಾಗ ಕಾಣುವುದಿಲ್ಲ, ಟಾರ್ಚ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಹಿಂಭಾಗಕ್ಕೆ ಹಿಂದಿನ ಆಕ್ಸಲಿನ ಅಡ್ಡ ಕಂಬಕ್ಕೆ ಜಾಕ್ ಕೊಡುವವರು ಬಹಳ ಜನ. ಎಷ್ಟೋ ಕಾರುಗಳಲ್ಲಿ ಕಂಪನಿಯೇ ಬೇಡ ಅಂದಿರುತ್ತದೆ. ಅಲ್ಲೂ ಮ್ಯಾನುಯಲ್ ಹೇಳಿದಂತೆಯೇ.

ಸ್ಟ್ಯಾಂಡ್ ಕೊಳ್ಳುವಾಗ ಮೇಲ್ಭಾಗ ಚಪ್ಪಟೆ ಇರುವುದು ಅಥವಾ ರಬ್ಬರ್ ಪ್ಯಾಡ್ ಕೂರುವಂಥದ್ದು ನೋಡಿ. ಬೆಂಗಳೂರಿಗೆ ಬಂದರೆ ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ, ಜೆ.ಸಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು. ಬೆಸುಗೆ ಪೂರ್ತಿ ಸುತ್ತ ಇದೆಯಾ, ಕಾಲು ನಾಲ್ಕೂ ಸಮ ಕೂರುತ್ತಾ, ಎತ್ತರ ಹಿಡಿದಿಡುವ ಹಲ್ಲುಗಳು ಸವೆದಿಲ್ಲವಾ, ಇದನ್ನು ಫೋಟೋ ನೋಡಿ ಹೇಳಲಾಗುವುದಿಲ್ಲ. ಬರೆದ ಟನ್ ಒಂದಕ್ಕಾ ಜೊತೆಗಾ ಅಂತಲೂ ಕೇಳಿ.

ಡಲ್ಲಾಸ್ ಕನ್ನಡಿಗ

ಹಲ್ಲುಗಳ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ಇಲ್ಲಿ ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಬಹಳ. 2020ರಲ್ಲಿ ಹಾರ್ಬರ್ ಫ್ರೈಟ್ ಅನ್ನುವ ಟೂಲ್ ಅಂಗಡಿಗಳ ಕಂಪನಿ ತನ್ನ ಪಿಟ್ಸ್‌ಬರ್ಗ್ ಹೆಸರಿನ 3 ಟನ್ ಮತ್ತು 6 ಟನ್ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿತು. ಸುಮಾರು 17 ಲಕ್ಷ ಸ್ಟ್ಯಾಂಡುಗಳು. ಅಚ್ಚು ಹಳೆಯದಾಗಿ ಹಲ್ಲು ಮತ್ತು ಕೊಂಡಿ ಸರಿಯಾಗಿ ಕಚ್ಚಿಕೊಳ್ಳದೆ, ಭಾರ ಇರುವಾಗಲೇ ಸ್ಟ್ಯಾಂಡ್ ಕುಸಿಯಬಹುದಿತ್ತು. ಅವುಗಳ ಬದಲಿಗೆ ಕೊಡುತ್ತಿದ್ದ ಕೆಲವು ಸ್ಟ್ಯಾಂಡುಗಳಲ್ಲಿ ಬೆಸುಗೆ ದೋಷ ಸಿಕ್ಕಿ, ಅವನ್ನೂ ಅದೇ ವರ್ಷ ವಾಪಸ್ ಕರೆಸಬೇಕಾಯಿತು. ಇಲ್ಲಿರುವ ನಮ್ಮವರು ಯಾರಾದರೂ ಸೆಕೆಂಡ್ ಹ್ಯಾಂಡ್ ಸ್ಟ್ಯಾಂಡ್ ತರುವುದಾದರೆ ಮಾಡೆಲ್ ನಂಬರ್ ಪರೀಕ್ಷಿಸಿ.

ನಾನು ಬಳಸುವುದು ಅಡ್ಡ ಪಿನ್ ತೂರಿಸುವ ಸ್ಟ್ಯಾಂಡ್. ಎತ್ತರ ಹೊಂದಿಸುವುದು ಸ್ವಲ್ಪ ಕಷ್ಟ, ಆದರೆ ದಪ್ಪ ಪಿನ್ ಆರಪಾರು ಹೋಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಹಲ್ಲಿನ ಸ್ಟ್ಯಾಂಡ್ ಆದರೆ ಭಾರ ಬಿಟ್ಟ ಮೇಲೆ ಹಿಡಿಕೆಯನ್ನು ಮೆಲ್ಲಗೆ ಎತ್ತಿ ನೋಡಿ, ಅಲುಗಾಡಬಾರದು.

ಒಂದೇ ರಕ್ಷಣೆ ಮೇಲೆ ನಿಲ್ಲಬೇಡಿ. ಸ್ಟ್ಯಾಂಡ್ ಮೇಲೆ ಕಾರು ಕೂತ ಮೇಲೂ ಜಾಕನ್ನು ತೆಗೆಯದೆ ತುಸು ತಾಗುವ ಹಾಗೆ ಬಿಡಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡಿ. ಎಲ್ಲ ತಪ್ಪಿದರೂ ಕಾರು ಆ ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಮೈಸೂರು ಇವಿ

ನಮ್ಮದು ನೆಕ್ಸಾನ್ ಇವಿ. ಟೈರ್ ಅದಲು ಬದಲು ಮಾಡಲು ಮಾತ್ರ ಎತ್ತಬೇಕು. ಬೇರೆ ಏನಾದರೂ ನೋಡಬೇಕಾ?

ಕುಂದಾಪುರ ಕಡಲು

ನೆಲದ ಕೆಳಗೆ ಹರಡಿರುವುದು ಬ್ಯಾಟರಿ ಪೆಟ್ಟಿಗೆ. ಅದಕ್ಕೆ ಜಾಕ್ ತಾಗಲೇಬಾರದು. ಗುರುತು ಮಾಡಿದ ಬದಿಯ ನಾಲ್ಕು ಜಾಗ ಮಾತ್ರ. ಪ್ಯಾಡ್ ಸಣ್ಣದಿರಲಿ, ಒಳಗಿನ ಕಡೆಗೆ ಚಾಚಿಕೊಂಡು ಬ್ಯಾಟರಿ ಅಂಚಿಗೆ ಒತ್ತಬಾರದು. ಪೆಟ್ರೋಲ್ ಮಾಡೆಲ್ಲಿಗಿಂತ ತೂಕ ಜಾಸ್ತಿ, ಜಾಕ್ ಕೊಳ್ಳುವಾಗ ಅದೂ ಲೆಕ್ಕಕ್ಕಿರಲಿ. ಇವಿ ಸದ್ದು ಮಾಡದೆ ಆನ್ ಆಗಿರಬಹುದು, ಪೂರ್ತಿ ಆಫ್ ಮಾಡಿ ಕೀಲಿಯನ್ನು ದೂರ ಇಟ್ಟು ಬನ್ನಿ ಮೇಡಂ.

ತುಮಕೂರು ಸ್ವಿಫ್ಟ್

ಎಲ್ಲ ಓದಿ ಒಂದು ಕ್ರಮ ಮಾಡಿಕೊಂಡೆ. ತಪ್ಪಿದ್ದರೆ ತಿದ್ದಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್, ಫಸ್ಟ್ ಗೇರ್. ಹಿಂದಿನ ಎರಡೂ ಚಕ್ರಕ್ಕೆ ಬೆಣೆ. ಮುಂದಿನಿಂದ ಜಾಕ್ ಹಾಕಿ ಎತ್ತುವುದು. ಸ್ಟ್ಯಾಂಡ್ ಇಟ್ಟು ಇಳಿಸುವುದು. ಚಕ್ರದ ನಟ್ ಬಿಚ್ಚುವುದು. ಪ್ಯಾಡ್ ಬದಲಾಯಿಸಿ, ಆಮೇಲೆ ಆಯಿಲ್.

ಗ್ರೀಸ್ ಕೈ

ನಟ್ ಬಿಚ್ಚುವ ಕಡೆ ತಿದ್ದಬೇಕು. ಬಿಗಿಯಾದ ನಟ್ಟಿಗೆ ಬಲ ಹಾಕುವುದು ಕಾರು ನೆಲದ ಮೇಲಿರುವಾಗ. ವೀಲ್ ಸ್ಪ್ಯಾನರ್ ಹಾಕಿ ಕಾಲು ಸುತ್ತು ಸಡಿಲ ಮಾಡಿ ಬಿಡಿ, ಪೂರ್ತಿ ಬಿಚ್ಚುವುದು ಎತ್ತಿದ ಮೇಲೆ. ಎತ್ತಿದ ಕಾರಿನ ಮೇಲೆ ಯಾವ ಬೋಲ್ಟಿಗೂ ಮೈಭಾರ ಹಾಕಿ ಎಳೆಯಬೇಡಿ.

ಸ್ಟ್ಯಾಂಡ್ ಮೇಲೆ ಇಳಿಸುವಾಗ ಜಾಕಿನ ಹಿಡಿಕೆಯನ್ನು ಕೂದಲೆಳೆಯಷ್ಟೇ ತಿರುಗಿಸಿ. ಕೂತ ಮೇಲೆ ಬಂಪರ್ ಹಿಡಿದು ಅಕ್ಕಪಕ್ಕ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಪ್ಯಾಡ್ ಕೆಲಸಕ್ಕೆ ಕೆಳಗೆ ಹೋಗುವುದೇ ಬೇಕಿಲ್ಲ, ಪಕ್ಕದಲ್ಲಿ ಕೂತು ಮಾಡಬಹುದು. ಆದರೂ ಸ್ಟ್ಯಾಂಡ್ ಇರಲಿ, ಚಕ್ರ ಇಲ್ಲದಿರುವಾಗ ಕಾರು ಇಳಿದರೆ ಬೆರಳು ಡಿಸ್ಕಿನ ಕೆಳಗೆ ಸಿಗುತ್ತದೆ. ಮೊದಲ ಸಲ ಪ್ಯಾಡ್ ಮಾತ್ರ ಮಾಡಿ, ಆಯಿಲ್ ಇನ್ನೊಂದು ದಿನ. ನಾಲ್ಕೂ ಚಕ್ರ ಒಟ್ಟಿಗೆ ಎತ್ತುವ ಯೋಚನೆ ಸದ್ಯಕ್ಕೆ ಬೇಡ. ಎರಡನೇ ತುದಿ ಎತ್ತುವಾಗ ಮೊದಲ ತುದಿಯ ಸ್ಟ್ಯಾಂಡ್ ವಾಲುತ್ತದೆ.

ಚಕ್ರ ಹಾಕುವಾಗ ನಟ್ಟುಗಳನ್ನು ಕೈಬಿಗಿ ಮಾಡಿ, ನೆಲಕ್ಕಿಳಿಸಿ, ಎದುರುಬದುರು ಬಿಗಿ ಮಾಡಿ. ಎಷ್ಟು ಬಿಗಿ ಅಂತ ಪುಸ್ತಕದಲ್ಲಿದೆ, ಟಾರ್ಕ್ ರೆಂಚ್ ಬಳಸಿ. ಹೊರಡುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. 50 ಕಿ.ಮೀ. ಓಡಿಸಿದ ಮೇಲೆ ನಟ್ ಮತ್ತೊಮ್ಮೆ ನೋಡಿ.

ಹಾಸನ ಹೈವೇ

ಡಿಫರೆನ್ಷಿಯಲ್ ವಿಷಯ ನನಗೆ ಹೊಸದು. ಸೀಲಿನ ಮಾತೂ ಒಪ್ಪಿದೆ. ನಮ್ಮ ಗ್ಯಾರೇಜಿನ ಹುಡುಗರಿಗೆ ಒಂದು ಜೊತೆ ಸ್ಟ್ಯಾಂಡ್ ಕೊಡಿಸುತ್ತೇನೆ. ಒಂದು ಕೇಳಬೇಕಿತ್ತು, ಯಾರಾದರೂ ಕೆಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಜಯನಗರ ಜಾಕ್

ಕಾಲು ಹಿಡಿದು ಎಳೆಯಬೇಡಿ. ಮೊದಲು ಕಾರು ಎತ್ತಬೇಕು. ಎದೆ ಮೇಲೆ ಭಾರ ಕೂತರೆ ಉಸಿರು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ, ಕೆಲವೇ ನಿಮಿಷ ಸಿಗುತ್ತದೆ. ಕೂಗಲೂ ಆಗುವುದಿಲ್ಲ. ಅದಕ್ಕೇ ಕೆಳಗೆ ಹೋಗುವ ದಿನ ಮನೆಯಲ್ಲಿ ಇನ್ನೊಬ್ಬರು ಇರಬೇಕು, ಕಣ್ಣಿಗೆ ಕಾಣುವಷ್ಟು ಹತ್ತಿರ. ಕಾರಿನ ಕತ್ತರಿ ಜಾಕನ್ನು ಡಿಕ್ಕಿಯಲ್ಲಿ ಬಿಡದೆ ಹಿಡಿಕೆ ಸಮೇತ ಹೊರಗೆ ಇಟ್ಟುಕೊಳ್ಳಿ. ಅದನ್ನು ಹೇಗೆ ತಿರುಗಿಸಬೇಕು ಅಂತ ಜೊತೆಗಿರುವವರಿಗೆ ಮೊದಲೇ ತೋರಿಸಿ. ಅವರು ಕಾರು ಎತ್ತುತ್ತಿರುವಾಗಲೇ ಯಾರಾದರೂ 108 ಅಥವಾ 112ಕ್ಕೆ ಕರೆ ಮಾಡಬೇಕು. ಮಕ್ಕಳನ್ನೂ ನಾಯಿಯನ್ನೂ ಒಳಗೆ ಬಿಟ್ಟು ಬಾಗಿಲು ಹಾಕಿಕೊಳ್ಳಿ, ಕಾರಿನ ಬಾಗಿಲು ಡಿಕ್ಕಿ ಯಾರೂ ಮುಟ್ಟದಿರಲಿ.

ತುಮಕೂರು ಸ್ವಿಫ್ಟ್

ಚಿಕ್ಕಪ್ಪ ಜೊತೆಗಿರುತ್ತೇನೆ ಅಂದಿದ್ದಾರೆ. ಶನಿವಾರ ಎಸ್.ಜೆ.ಪಿ. ರಸ್ತೆಗೆ ಹೋಗಿ ಜಾಕ್, ಪಿನ್ ಸ್ಟ್ಯಾಂಡ್, ರಬ್ಬರ್ ಪ್ಯಾಡ್ ತರುತ್ತೇನೆ. ಬೆಣೆಯನ್ನು ನಮ್ಮ ಬಡಗಿ ಹತ್ತಿರ ಗಟ್ಟಿ ಮರದಲ್ಲಿ ಮಾಡಿಸುತ್ತೇನೆ. ಟೈರಿಗೆ ಎಷ್ಟು ಎತ್ತರ ಬೇಕು?

ಗ್ರೀಸ್ ಕೈ

ಟೈರಿನ ಎತ್ತರದ ಕಾಲು ಭಾಗ ಇರಲಿ. ಅಗಲ ಟೈರಿಗಿಂತ ಕಡಿಮೆ ಬೇಡ. ತಳಕ್ಕೆ ಹಳೆಯ ಟ್ಯೂಬಿನ ರಬ್ಬರ್ ಅಂಟಿಸಿಕೊಳ್ಳಿ, ನಯ ಕಾಂಕ್ರೀಟಿನ ಮೇಲೆ ಬರೀ ಮರ ಜಾರುತ್ತದೆ.